ಬೇಕರ್ ಬೀದಿಯ ಎರಡನೆಯ ಕುರ್ಚಿ

ಷರ್ಲಾಕ್ ಹೋಮ್ಸ್‌ನನ್ನು ಟಿವಿಗೆ ಯಾರೇ ತರಲಿ, ಧಾರಾವಾಹಿಯ ಬೆನ್ನಿಗೇ ಒಂದು ಜಗಳವೂ ಬರುತ್ತದೆ. ಪುಸ್ತಕ ಓದಿ ಬೆಳೆದವರು ‘ಇವನು ನಮ್ಮ ಹೋಮ್ಸ್ ಅಲ್ಲ’ ಎಂದು ಮುಖ ತಿರುಗಿಸುತ್ತಾರೆ. ಹೊಸದನ್ನು ಮೆಚ್ಚಿದವರು ‘ಕುದುರೆಗಾಡಿ, ಗ್ಯಾಸ್ ದೀಪ ಅಂತ ಇನ್ನೆಷ್ಟು ದಿನ ಕೂತಿರುತ್ತೀರಿ’ ಎಂದು ಛೇಡಿಸುತ್ತಾರೆ. ಮೊದಲ ಗುಂಪಿಗೆ ಮಡಿವಂತರೆಂಬ ಹೆಸರು, ಎರಡನೆಯದಕ್ಕೆ ಹುಡುಗಾಟದವರೆಂಬ ಹೆಸರು. ಇಷ್ಟು ಕಚ್ಚಾಡುವ ಈ ಎರಡೂ ಬಣಗಳು ಒಂದು ಮಾತನ್ನು ಮಾತ್ರ ಚರ್ಚೆಯೇ ಇಲ್ಲದೆ ಒಪ್ಪಿಕೊಂಡಿವೆ: ನೋಡುಗರಿಗೆ ಬೇಸರವಾಗುವುದು ಧಾರಾವಾಹಿ ಮೂಲವನ್ನು ಬಿಟ್ಟು ಹೋದಾಗ ಎಂಬುದು. ನನಗೆ ಅನುಮಾನ ಇರುವುದು ಅಲ್ಲೇ. ಕಳೆದ ಎಂಟು ದಶಕಗಳಲ್ಲಿ ಹೋಮ್ಸ್‌ನ ನೋಡುಗರು ಏನೇನನ್ನು ನುಂಗಿಕೊಂಡಿದ್ದಾರೆ, ಯಾವುದಕ್ಕೆ ಸಿಡಿದಿದ್ದಾರೆ ಎಂದು ಲೆಕ್ಕ ಹಾಕಿದರೆ ಬೇರೆಯೇ ಚಿತ್ರ ಕಾಣುತ್ತದೆ. ಕಥೆ ಬದಲಾದದ್ದನ್ನು ನುಂಗಿಕೊಂಡಿದ್ದಾರೆ, ಕಾಲ ಬದಲಾದದ್ದನ್ನು, ಊರು ಬದಲಾದದ್ದನ್ನು, ಗಂಡು ಹೆಣ್ಣಾದದ್ದನ್ನೂ ನುಂಗಿಕೊಂಡಿದ್ದಾರೆ. ಅವರಿಗೆ ಸಹಿಸಲಾಗದೇ ಹೋದದ್ದು ಒಂದೇ. ಬೇಕರ್ ಬೀದಿಯ ಆ ಕೋಣೆಯಲ್ಲಿ ಬೆಂಕಿಗೂಡಿನ ಪಕ್ಕ, ಹೋಮ್ಸ್‌ನ ಎದುರಿಗೆ ಇನ್ನೊಂದು ಕುರ್ಚಿ ಇದೆಯಲ್ಲ, ಅದನ್ನು ಎತ್ತಿಟ್ಟುಬಿಡುವುದು.

ಆ ಕುರ್ಚಿ ಡಾಕ್ಟರ್ ವಾಟ್ಸನ್ನನದು. 1887ರಿಂದ 1927ರವರೆಗೆ ಆರ್ಥರ್ ಕಾನನ್ ಡಾಯ್ಲ್ ಬರೆದ ಹೋಮ್ಸ್ ಕಥೆಗಳು ಒಟ್ಟು 60, ಅದರಲ್ಲಿ ಕಾದಂಬರಿಗಳು ನಾಲ್ಕು. ನಾಲ್ಕೇ ನಾಲ್ಕು ಕಥೆಗಳನ್ನು ಬಿಟ್ಟರೆ ಉಳಿದೆಲ್ಲವನ್ನೂ ಹೇಳುವವನು ವಾಟ್ಸನ್. ಬಿಟ್ಟುಹೋದ ನಾಲ್ಕರಲ್ಲಿ ಎರಡನ್ನು ಸ್ವತಃ ಹೋಮ್ಸ್ ಹೇಳುತ್ತಾನೆ, ಅವು ಯಾಕೋ ಸಪ್ಪೆ. ‘ದಿ ಬ್ಲಾಂಚ್ಡ್ ಸೋಲ್ಜರ್’ನಲ್ಲಿ ಲೇಖನಿ ಕೈಗೆತ್ತಿಕೊಂಡ ಹೋಮ್ಸ್, ಓದುಗರಿಗೆ ರುಚಿಸುವಂತೆ ಹೇಳುವ ಕಷ್ಟ ಏನೆಂದು ಈಗ ತಿಳಿಯುತ್ತಿದೆ ಎಂದು ಒಪ್ಪಿಕೊಳ್ಳುತ್ತಾನೆ, ನಡುವೆ ವಾಟ್ಸನ್ ಜೊತೆಗಿಲ್ಲವಲ್ಲ ಎಂದು ಹಳಹಳಿಸುತ್ತಾನೆ. ಹಳಹಳಿಸಲೇಬೇಕು. ಬುದ್ಧಿವಂತ ತನ್ನ ಬುದ್ಧಿಯ ಕಥೆಯನ್ನು ತಾನೇ ಹೇಳಹೊರಟರೆ ಮೊದಲೇ ಗುಟ್ಟು ಬಿಡಬೇಕು, ಇಲ್ಲವೇ ಗೊತ್ತಿದ್ದೂ ಬಚ್ಚಿಟ್ಟುಕೊಂಡು ನಮ್ಮನ್ನು ಆಟವಾಡಿಸಿದ ಹಾಗಾಗುತ್ತದೆ. ವಾಟ್ಸನ್ನನಿಗೆ ಆ ಪೇಚಿಲ್ಲ. ಅಫ್ಘಾನಿಸ್ತಾನದ ಯುದ್ಧದಲ್ಲಿ ಗಾಯಗೊಂಡು ಬಂದ ಸೇನಾವೈದ್ಯ ಅವನು, ಪೆದ್ದನಂತೂ ಅಲ್ಲ. ಹೋಮ್ಸ್ ಕಂಡದ್ದನ್ನು ಅವನೂ ಕಂಡಿರುತ್ತಾನೆ, ಅರ್ಥ ಹೊಳೆದಿರುವುದಿಲ್ಲ ಅಷ್ಟೆ. ತಮ್ಮ ಮನೆಯ ಮೆಟ್ಟಿಲನ್ನು ನೂರಾರು ಸಲ ಹತ್ತಿ ಇಳಿದ ವಾಟ್ಸನ್‌ಗೆ ಅವು ಎಷ್ಟಿವೆ ಎಂದು ಗೊತ್ತಿಲ್ಲ. ಹದಿನೇಳು ಎಂದು ಹೋಮ್ಸ್ ಹೇಳಿದಾಗ ಓದುಗನೂ ತನ್ನ ಮನೆಯ ಮೆಟ್ಟಿಲನ್ನು ಮನಸ್ಸಿನಲ್ಲೇ ಎಣಿಸಲು ನೋಡಿ ಸೋಲುತ್ತಾನೆ. ಆ ಕುರ್ಚಿಯಲ್ಲಿ ಕೂತಿರುವುದು ನಾವೇ ಎಂದು ಗೊತ್ತಾಗುವುದು ಅಂಥ ಕಡೆ.

ಕ್ಯಾಮೆರಾ ಬಂದಾಗ ತೊಡಕು ಶುರುವಾಯಿತು. ಪುಸ್ತಕದಲ್ಲಿ ನಮ್ಮ ಕಣ್ಣು ವಾಟ್ಸನ್ನನ ಕಣ್ಣು. ತೆರೆಯ ಮೇಲೆ ವಾಟ್ಸನ್ನನನ್ನೂ ನಾವು ಹೊರಗಿನಿಂದಲೇ ನೋಡುತ್ತೇವೆ, ಹೀಗಾಗಿ ಕಥೆ ಹೇಳುವ ಕೆಲಸ ಕಳೆದುಕೊಂಡ ಅವನಿಗೆ ಬೇರೇನಾದರೂ ಕೆಲಸ ಕೊಡಬೇಕಾಗುತ್ತದೆ. 1939ರಿಂದ 1946ರವರೆಗೆ ಬ್ಯಾಸಿಲ್ ರಾಥ್‌ಬೋನ್ ಹೋಮ್ಸ್ ಆಗಿದ್ದ 14 ಸಿನಿಮಾಗಳು ಅವನಿಗೆ ವಿದೂಷಕನ ಕೆಲಸ ಕೊಟ್ಟವು. ನೈಜೆಲ್ ಬ್ರೂಸ್ ಆಡಿದ ವಾಟ್ಸನ್ ಗೊಣಗುವ, ಎಡವುವ, ಎಲ್ಲಕ್ಕೂ ಬೆಪ್ಪಾಗುವ ಮುದುಕ. ಆ ಸಿನಿಮಾಗಳಲ್ಲಿ ಮೊದಲೆರಡನ್ನು ಬಿಟ್ಟು ಉಳಿದ 12 ಹೋಮ್ಸ್‌ನನ್ನು ಎರಡನೆಯ ಮಹಾಯುದ್ಧದ ಕಾಲಕ್ಕೆ ಎಳೆದು ತಂದು, ಕೆಲವದರಲ್ಲಿ ನಾಜಿಗಳ ಮೇಲೆ ಛೂ ಬಿಟ್ಟವು. ಮೂಲನಿಷ್ಠೆಯೇ ಮುಖ್ಯವಾಗಿದ್ದರೆ ದೊಡ್ಡ ದೂರು ಈ ಕಾಲಪಲ್ಲಟದ ಮೇಲೆ ಇರಬೇಕಿತ್ತು. ಇಂದಿಗೂ ಅವುಗಳ ಬಗ್ಗೆ ಕೇಳಿಬರುವ ಗೊಣಗಾಟ ವಾಟ್ಸನ್ನನನ್ನು ಕೋಡಂಗಿ ಮಾಡಿದರಲ್ಲ ಎಂಬುದು. ತಾನು ಕೂರುವ ಜಾಗದಲ್ಲಿ ಪೆದ್ದನೊಬ್ಬನನ್ನು ಕೂರಿಸಿದರೆ ಅವಮಾನ ಯಾರಿಗೆ ಎಂದು ನೋಡುಗನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಬ್ರಿಟನ್ನಿನ ಗ್ರನಾಡಾ ಟೆಲಿವಿಷನ್ 1984ರಲ್ಲಿ ಜೆರೆಮಿ ಬ್ರೆಟ್‌ನನ್ನು ಇಟ್ಟುಕೊಂಡು ಶುರು ಮಾಡಿದ ಧಾರಾವಾಹಿ ಹತ್ತು ವರ್ಷ ನಡೆದು 41 ಕಂತುಗಳನ್ನು ಕಂಡಿತು. ‘ಪುಸ್ತಕದಲ್ಲಿ ಇದ್ದಂತೆಯೇ’ ಎನ್ನುವಾಗ ಎಲ್ಲರೂ ಬೆರಳು ತೋರಿಸುವುದು ಇದರತ್ತ. ಸ್ಟ್ರಾಂಡ್ ಪತ್ರಿಕೆಗೆ ಸಿಡ್ನಿ ಪ್ಯಾಜೆಟ್ ಬರೆದ ಚಿತ್ರಗಳನ್ನು ಎದುರಿಟ್ಟುಕೊಂಡು ದೃಶ್ಯ ಕಟ್ಟಿದರು. ಹೋಮ್ಸ್ ಏನು ತಿನ್ನುತ್ತಾನೆ, ತಂಬಾಕು ಎಲ್ಲಿಡುತ್ತಾನೆ ಎಂದು ಕೈಪಿಡಿಯನ್ನೇ ಮಾಡಿಕೊಂಡರು. ಆದರೂ ಈ ನಿಷ್ಠೆಯ ಗಂಟನ್ನು ಸ್ವಲ್ಪ ಬಿಚ್ಚಿ ನೋಡಬೇಕು. ಮೂಲದಲ್ಲಿ ಮೇರಿ ಮಾರ್ಸ್ಟನ್ನಳನ್ನು ಮದುವೆಯಾಗುವ ವಾಟ್ಸನ್ ಇಲ್ಲಿ ಬ್ರಹ್ಮಚಾರಿಯಾಗಿಯೇ ಉಳಿಯುತ್ತಾನೆ. ‘ದಿ ಫೈನಲ್ ಪ್ರಾಬ್ಲಂ’ ಕಥೆಗೆ ಮೊನಾಲಿಸಾ ಚಿತ್ರದ ಕಳವು ಎಲ್ಲಿಂದಲೋ ಬಂದು ಸೇರಿಕೊಂಡಿದೆ. ಮೂಲದ ‘ದಿ ರೆಡ್ ಹೆಡೆಡ್ ಲೀಗ್’ನಲ್ಲಿ ಹೋಮ್ಸ್‌ನ ಬದ್ಧವೈರಿ ಮೊರಿಯಾರ್ಟಿಗೆ ಏನೂ ಕೆಲಸವಿಲ್ಲ, ಧಾರಾವಾಹಿ ಅವನನ್ನು ಅಲ್ಲಿಗೂ ತಂದಿತು. 1988ರ ‘ದಿ ಡೆವಿಲ್ಸ್ ಫುಟ್’ನಲ್ಲಿ ಹೋಮ್ಸ್ ತನ್ನ ಕೊಕೇನ್ ಸಿರಿಂಜನ್ನು ಸಮುದ್ರದ ದಂಡೆಯ ಮರಳಲ್ಲಿ ಹೂತುಬಿಡುತ್ತಾನೆ, ಡಾಯ್ಲ್ ಬರೆಯದ ದೃಶ್ಯ ಅದು. ಇಷ್ಟಾದರೂ ಗ್ರನಾಡಾಕ್ಕೆ ನಿಷ್ಠೆಯ ಸರ್ಟಿಫಿಕೇಟು ಸಿಕ್ಕಿತು. ಅದಕ್ಕಿಂತ ಸೋಜಿಗದ ಸಂಗತಿ, ಮೊದಲ 13 ಕಂತುಗಳಾದ ಮೇಲೆ ವಾಟ್ಸನ್‌ನೇ ಬದಲಾದ. ಡೇವಿಡ್ ಬರ್ಕ್ ಹೋಗಿ ಎಡ್ವರ್ಡ್ ಹಾರ್ಡ್‌ವಿಕ್ ಬಂದರೂ ಧಾರಾವಾಹಿಯ ಅಭಿಮಾನಿಗಳು ಕೈಬಿಡಲಿಲ್ಲ. ಬರ್ಕ್ ಚುರುಕು, ಹಾರ್ಡ್‌ವಿಕ್ ನಿಧಾನಿ. ಇಬ್ಬರೂ ಹೋಮ್ಸ್‌ನ ಮಾತನ್ನು ಕೇಳಿಸಿಕೊಂಡ ರೀತಿ ಮಾತ್ರ ಒಂದೇ: ಗಂಭೀರವಾಗಿ, ಸ್ವಲ್ಪ ಅಸಹನೆಯಿಂದ, ಕೊನೆಗೆ ಬೆರಗಾಗಿ. ಕುರ್ಚಿ ಇದ್ದಲ್ಲೇ ಇತ್ತು, ಕೂತವರ ಮುಖ ಬದಲಾದರೆ ನಷ್ಟವಾಗಲಿಲ್ಲ.

ಇದಕ್ಕೆಲ್ಲ ಒಂದು ಸುಲಭದ ಆಕ್ಷೇಪವಿದೆ. ಜನ ಮೊದಲು ಯಾವುದನ್ನು ನೋಡಿದರೋ ಅದನ್ನೇ ಸರಿ ಎನ್ನುತ್ತಾರೆ, ಬ್ರೆಟ್‌ನ ಮೇಲಿನ ಪ್ರೀತಿ ಎಂದರೆ ಕಳೆದುಹೋದ ದಿನಗಳ ಮೇಲಿನ ಪ್ರೀತಿ, ಅದಕ್ಕೆ ತರ್ಕದ ಅಂಗಿ ತೊಡಿಸಬೇಡಿ ಎಂಬುದು. ಹಳೆಯ ದಿನಗಳ ಹಂಬಲಕ್ಕೆ ಬಲವಿಲ್ಲ ಎನ್ನಲಾರೆ. ಆದರೆ ಅದೇ ಗ್ರನಾಡಾ ಧಾರಾವಾಹಿಯ 1993ರ ಎರಡು ದೀರ್ಘ ಕಂತುಗಳನ್ನು ಏನೆನ್ನೋಣ? ‘ದಿ ಲಾಸ್ಟ್ ವ್ಯಾಂಪೈರ್’ ಮತ್ತು ‘ದಿ ಎಲಿಜಿಬಲ್ ಬ್ಯಾಚುಲರ್’. ನಟ ಅದೇ, ಕೋಣೆ ಅದೇ, ಗಾಡಿ ದೀಪಗಳೂ ಅವೇ. ಬ್ರೆಟ್‌ನನ್ನು ಎದೆಗವಚಿಕೊಂಡವರೇ ಈ ಎರಡನ್ನು ಸರಣಿಯ ಹಾದಿ ತಪ್ಪಿದ ಕಂತುಗಳೆಂದು ಗುರುತಿಸುತ್ತಾರೆ. ಇಪ್ಪತ್ತು ಪುಟದ ಕಥೆಯನ್ನು ನೂರು ನಿಮಿಷಕ್ಕೆ ಹಿಗ್ಗಿಸಿದ್ದು ಒಂದು ತೊಂದರೆ. ಆ ಹೊತ್ತಿಗೆ ಬ್ರೆಟ್‌ನ ಆರೋಗ್ಯವೂ ಕೆಟ್ಟಿತ್ತು, 1995ರಲ್ಲಿ ಅವನು ತೀರಿಕೊಂಡ. ಅದನ್ನು ಮರೆತು ಮಾತಾಡಬಾರದು. ಆದರೂ ಹಿಗ್ಗಿಸುವುದಕ್ಕೆ ಬಳಸಿದ ಸಾಮಗ್ರಿ ಯಾವುದು ನೋಡಿ. ‘ಎಲಿಜಿಬಲ್ ಬ್ಯಾಚುಲರ್’ನಲ್ಲಿ ಹೋಮ್ಸ್‌ಗೆ ದುಃಸ್ವಪ್ನಗಳು ಬೀಳುತ್ತವೆ, ಕನಸಲ್ಲಿ ಕಂಡದ್ದು ಮುಂದೆ ನಿಜವಾಗುತ್ತದೆ. ‘ಲಾಸ್ಟ್ ವ್ಯಾಂಪೈರ್’ನಲ್ಲಿ ರಕ್ತಪಿಶಾಚಿಯ ನೆರಳು ಕಥೆ ಮುಗಿದರೂ ಪೂರ್ತಿ ಸರಿಯುವುದಿಲ್ಲ. ಅದೇ ಕಥೆಯ ಮೂಲದಲ್ಲಿ ಹೋಮ್ಸ್ ದೆವ್ವಗಳ ಅರ್ಜಿಯನ್ನು ಬಾಗಿಲಲ್ಲೇ ತಿರಸ್ಕರಿಸುತ್ತಾನೆ, ತಮ್ಮ ಕಾಲು ನೆಲದ ಮೇಲೇ ಇರಲಿ ಎನ್ನುತ್ತಾನೆ. ಕನಸಿನಲ್ಲಿ ಸುಳಿವು ಸಿಗುವ ಪತ್ತೇದಾರನ ಎದುರು ಕೂತು ನೋಡುಗ ಮಾಡಬೇಕಾದ್ದಾದರೂ ಏನು? ನಮಗೆ ಆ ಕನಸು ಬಿದ್ದಿಲ್ಲವಲ್ಲ.

ಇದರ ತಿರುವುಮುರುವು ಸೋವಿಯತ್ ಒಕ್ಕೂಟದಲ್ಲಿ ಆಗಿತ್ತು. ಲೆನ್‌ಫಿಲ್ಮ್‌ಗಾಗಿ ಇಗೊರ್ ಮಾಸ್ಲೆನ್ನಿಕೊವ್ 1979ರಿಂದ 1986ರವರೆಗೆ ಮಾಡಿದ ಹೋಮ್ಸ್ ಟಿವಿ ಚಿತ್ರಗಳಲ್ಲಿ ಲಂಡನ್ನಿನ ಬೇಕರ್ ಬೀದಿಯಾಗಿ ಕಾಣುವುದು ಲಾತ್ವಿಯಾದ ರೀಗಾ ಪಟ್ಟಣದ ಒಂದು ಹಳೆಯ ಓಣಿ. ಶಂಕರ್‌ನಾಗ್ ಆಗುಂಬೆಯನ್ನು ಮಾಲ್ಗುಡಿ ಮಾಡಿದಾಗ ನಾವು ಅದನ್ನೇ ಮಾಲ್ಗುಡಿ ಎಂದು ನಂಬಿದೆವಲ್ಲ, ರಷ್ಯನ್ನರೂ ಹಾಗೇ ನಂಬಿದರು. ವಸೀಲಿ ಲಿವಾನೊವ್‌ನ ಹೋಮ್ಸ್, ವಿತಾಲಿ ಸೊಲೊಮಿನ್‌ನ ವಾಟ್ಸನ್ ಇಬ್ಬರೂ ಮಾತಾಡುವುದು ಅಪ್ಪಟ ರಷ್ಯನ್. ನಿಕಿತಾ ಮಿಖಾಲ್ಕೊವ್ ಆಡಿದ ಸರ್ ಹೆನ್ರಿ ಬಾಸ್ಕರ್‌ವಿಲ್ ದಿನಾ ಓಟ್ಸ್ ಗಂಜಿ ಕುಡಿಯಬೇಕಾದ ಸಂಕಟಕ್ಕೆ ನಗು ಉಕ್ಕುತ್ತದೆ. ಲಿವಾನೊವ್‌ಗೆ 2006ರಲ್ಲಿ ಬ್ರಿಟನ್ನೇ ಗೌರವ ಪದವಿ ಕೊಟ್ಟಿತು. ಆದರೆ ನನ್ನ ವಾದಕ್ಕೆ ಬೇಕಾದ ಸಾಕ್ಷಿ ಮೊದಲ ಚಿತ್ರದ ಆರಂಭದಲ್ಲೇ ಇದೆ. ಹೊಸ ಬಿಡಾರಕ್ಕೆ ಬಂದ ವಾಟ್ಸನ್ ತನ್ನ ಜೊತೆಗಾರನ ವಿಚಿತ್ರ ಅಭ್ಯಾಸ, ಹೊತ್ತಲ್ಲದ ಹೊತ್ತಿಗೆ ಬರುವ ಸಂಶಯಾಸ್ಪದ ಮಂದಿ, ಅಪರಾಧಗಳ ಬಗ್ಗೆ ಅವನಿಗಿರುವ ಅಪಾರ ತಿಳಿವಳಿಕೆ ಇದನ್ನೆಲ್ಲ ಗಮನಿಸುತ್ತಾನೆ, ಒಂದಕ್ಕೊಂದು ಜೋಡಿಸುತ್ತಾನೆ. ಜೋಡಿಸಿ, ಈ ಹೋಮ್ಸ್ ಎಂಬವನು ಪಾತಕಿಗಳ ಮುಖಂಡನೇ ಸರಿ ಎಂದು ತೀರ್ಮಾನಿಸುತ್ತಾನೆ. ಡಾಯ್ಲ್‌ನ ಪುಸ್ತಕದಲ್ಲಿ ಈ ಪ್ರಸಂಗ ಇಲ್ಲ. ಅಲ್ಲಿರುವುದು ಹೋಮ್ಸ್‌ಗೆ ಯಾವ ವಿಷಯ ಎಷ್ಟು ಗೊತ್ತು ಎಂದು ವಾಟ್ಸನ್ ಮಾಡಿಕೊಳ್ಳುವ ಪಟ್ಟಿ ಮಾತ್ರ. ಆ ಒಣ ಪಟ್ಟಿಯನ್ನು ಮಾಸ್ಲೆನ್ನಿಕೊವ್ ಪತ್ತೇದಾರಿಕೆಯನ್ನಾಗಿ ಬೆಳೆಸಿದ. ವಾಟ್ಸನ್‌ನ ಲೆಕ್ಕ ತಪ್ಪು, ಆದರೆ ಅದು ಲೆಕ್ಕವೇ. ನಾವೂ ಅವನ ಜೊತೆ ತಪ್ಪು ಲೆಕ್ಕ ಮಾಡುವ ಸುಖ ಪಡೆಯುತ್ತೇವೆ. ಮೂಲಕ್ಕೆ ಎರಡು ಬಗೆದೇ ಮೂಲದ ಸತ್ವವನ್ನು ಹಿಡಿದ ಉದಾಹರಣೆ ಇದಕ್ಕಿಂತ ಚೆಂದದ್ದು ನನಗೆ ಸಿಕ್ಕಿಲ್ಲ.

ಈಗ ಎಲ್ಲಕ್ಕಿಂತ ಹೆಚ್ಚು ಜಗಳಕ್ಕೆ ಕಾರಣವಾದ ಬಿಬಿಸಿಯ ‘ಷರ್ಲಾಕ್’ಗೆ ಬರೋಣ. ಸ್ಟೀವನ್ ಮೊಫಾಟ್ ಮತ್ತು ಮಾರ್ಕ್ ಗೇಟಿಸ್ 2010ರಲ್ಲಿ ಹೋಮ್ಸ್‌ನ ಕೈಗೆ ಮೊಬೈಲ್ ಕೊಟ್ಟು ಇಂದಿನ ಲಂಡನ್ನಿಗೆ ತಂದರು. ಆ ಮೊದಲ ಕಂತು ‘ಎ ಸ್ಟಡಿ ಇನ್ ಪಿಂಕ್’ ಮೂಲವನ್ನು ಬಲ್ಲವರಿಗೇ ಹೆಚ್ಚು ಮಜಾ ಕೊಟ್ಟಿತು. ಡಾಯ್ಲ್‌ನ ವಾಟ್ಸನ್‌ನಂತೆ ಮಾರ್ಟಿನ್ ಫ್ರೀಮನ್‌ನ ವಾಟ್ಸನ್ನೂ ಅಫ್ಘಾನಿಸ್ತಾನದಿಂದಲೇ ಗಾಯಗೊಂಡು ಬಂದವನು. ನೂರಮೂವತ್ತು ವರ್ಷ ಕಳೆದರೂ ಯುದ್ಧದ ಊರು ಬದಲಾಗದಿದ್ದದ್ದು ಇತಿಹಾಸದ ಕ್ರೂರ ತಮಾಷೆ, ಲೇಖಕರಿಗೆ ಅದು ಪುಕ್ಕಟೆ ಸಿಕ್ಕಿತು. ಪುಸ್ತಕದಲ್ಲಿ ಗೋಡೆಯ ಮೇಲೆ ಬರೆದ ‘ರಾಖೆ’ ಎಂಬುದು ಅರ್ಧಕ್ಕೆ ನಿಂತ ರೇಚಲ್ ಎಂಬ ಹೆಸರಲ್ಲ, ಜರ್ಮನ್ ಭಾಷೆಯಲ್ಲಿ ಸೇಡು ಎಂದು ಹೋಮ್ಸ್ ತಿದ್ದುತ್ತಾನೆ. ಇಲ್ಲಿ ಜರ್ಮನ್ ಅರ್ಥ ಹೇಳಲು ಬಂದವನ ಮುಖಕ್ಕೆ ಬಾಗಿಲು ಹಾಕಿ, ಅದು ರೇಚಲ್ಲೇ ಎನ್ನುತ್ತಾನೆ. ವಾಟ್ಸನ್‌ನ ಫೋನ್ ನೋಡಿ ಕುಡುಕ ಅಣ್ಣನೊಬ್ಬನಿದ್ದಾನೆಂದು ಹೋಮ್ಸ್ ಊಹಿಸಿದಾಗ, ಹ್ಯಾರಿ ಎಂಬುದು ಹ್ಯಾರಿಯಟ್, ಅವಳು ನನ್ನ ಅಕ್ಕ ಎಂದು ಹೇಳುವ ಸರದಿ ವಾಟ್ಸನ್ನನದು. ಎಲ್ಲರ ಕಣ್ಣೆದುರೇ ಓಡಾಡಿಯೂ ಯಾರ ಕಣ್ಣಿಗೂ ಬೀಳದವನು ಯಾರು ಎಂಬ ಪ್ರಶ್ನೆಗೆ ಉತ್ತರ ಟ್ಯಾಕ್ಸಿ ಚಾಲಕ. ಆ ಟ್ಯಾಕ್ಸಿ ನಮ್ಮ ಕಣ್ಣಿಗೂ ಬಿದ್ದಿತ್ತು. ಕುರ್ಚಿ ಗಟ್ಟಿಯಾಗಿಯೇ ಇತ್ತು. ಆದರೆ ಮೊದಲ ದಿನವೇ ಅದರ ಪಕ್ಕದಲ್ಲಿ ಇನ್ನೊಂದು ಆಸನವೂ ಬಂದಿತ್ತು. ಬೆನೆಡಿಕ್ಟ್ ಕಂಬರ್‌ಬ್ಯಾಚ್‌ನ ಹೋಮ್ಸ್ ಹೆಣವನ್ನು ನೋಡಿದಾಗ ‘ಒದ್ದೆ’, ‘ಕೊಳಕು’, ‘ಸ್ವಚ್ಛ’ ಎಂಬ ಪದಗಳು ಗಾಳಿಯಲ್ಲಿ ತೇಲುತ್ತವೆ. ಕಣ್ಣಿಗೆ ಹಬ್ಬವೇನೋ ಹೌದು. ಆದರೆ ಅಲ್ಲಿ ನಾವು ವಾಟ್ಸನ್ನನ ಪಕ್ಕದಿಂದ ಎದ್ದು ಹೋಮ್ಸ್‌ನ ತಲೆಯೊಳಗೆ ಕೂತಿದ್ದೇವೆ, ಉತ್ತರ ಬರೆದಿಟ್ಟ ಕೋಣೆಯಲ್ಲಿ. ಬೆರಗಿನ ಜಾಗಕ್ಕೆ ವೇಗ ಬಂತು.

ಮುಂದಿನದು ಆ ವೇಗದ ಇಳಿಜಾರು. 2012ರ ಜನವರಿಯಲ್ಲಿ ಹೋಮ್ಸ್ ಆಸ್ಪತ್ರೆಯ ಮಹಡಿಯಿಂದ ಹಾರಿದ, ಸತ್ತ, ಕೊನೆಯ ದೃಶ್ಯದಲ್ಲಿ ಸ್ಮಶಾನದ ಮರೆಯಲ್ಲಿ ನಿಂತಿದ್ದ. ಎರಡು ವರ್ಷ ನೋಡುಗರು ಹೇಗೆ ಬದುಕಿದ ಎಂದು ತಲೆಕೆಡಿಸಿಕೊಂಡರು. ಕಸದ ಲಾರಿ, ಸೈಕಲ್ ಸವಾರ, ಕಂಕುಳಲ್ಲಿ ಒತ್ತಿದ ಚೆಂಡು ಎಂದು ಸುಳಿವು ಹೆಕ್ಕಿದರು. ಎರಡನೆಯ ಕುರ್ಚಿಯಲ್ಲಿ ಕೂತವರು ಇದಕ್ಕಿಂತ ನಿಷ್ಠೆಯಿಂದ ಕೆಲಸ ಮಾಡುವುದು ಸಾಧ್ಯವಿರಲಿಲ್ಲ. 2014ರ ಹೊಸ ವರ್ಷದ ದಿನ ಬಂದ ಕಂತು ಒಂದರ ಮೇಲೊಂದು ವಿವರಣೆಗಳನ್ನು ತೋರಿಸಿ, ಕೊನೆಯದರ ಮೇಲೂ ಅನುಮಾನದ ನೀರು ಚಿಮುಕಿಸಿ, ಹೀಗೆ ಊಹೆ ಕಟ್ಟುವ ಅಭಿಮಾನಿಗಳ ಕೂಟವೊಂದನ್ನು ಕಥೆಯೊಳಗೇ ತಂದು ಗೇಲಿ ಮಾಡಿತು. ವಾಟ್ಸನ್ನಂತೂ ಹೇಗೆ ಎಂಬುದು ತನಗೆ ಬೇಕಿಲ್ಲ, ಯಾಕೆ ಎಂಬುದು ಬೇಕು ಎಂದ. ಗೆಳೆಯನಾಗಿ ಅವನ ನೋವು ನ್ಯಾಯವೇ, ಆ ದೃಶ್ಯ ಚೆನ್ನಾಗಿಯೂ ಇದೆ. ಆದರೆ ‘ಹೇಗೆ’ ಎಂದು ಕೇಳುವುದನ್ನು ವಾಟ್ಸನ್ನೇ ಬಿಟ್ಟ ಮೇಲೆ ನಮ್ಮ ಪರವಾಗಿ ಕೇಳುವವರು ಯಾರು? 2017ರ ‘ದಿ ಫೈನಲ್ ಪ್ರಾಬ್ಲಂ’ ಹೊತ್ತಿಗೆ ಯಾರೂ ಉಳಿದಿರಲಿಲ್ಲ. ಹೋಮ್ಸ್‌ಗೆ ನೆನಪಿನಿಂದಲೇ ಅಳಿಸಿಹೋದ ತಂಗಿ, ನಡುಗಡ್ಡೆಯ ಸೆರೆಮನೆ, ಒಂದಷ್ಟು ಹೊತ್ತು ಮಾತಾಡಿ ಯಾರನ್ನು ಬೇಕಾದರೂ ಕೈಗೊಂಬೆ ಮಾಡಿಕೊಳ್ಳುವ ಅವಳ ಶಕ್ತಿ. ಅವಳ ಬರವಿನ ಸೂಚನೆಗಳು ಹಿಂದಿನ ಕಂತುಗಳಲ್ಲಿ ಇದ್ದವು ಎಂದು ಸಮರ್ಥಿಸುವವರಿದ್ದಾರೆ. ಇದ್ದವು, ಒಪ್ಪೋಣ. ಆದರೆ ಬಿರುಗಾಳಿ ಬರುತ್ತದೆ ಎಂಬ ಎಚ್ಚರಿಕೆ ಬೇರೆ, ಡಾಯ್ಲ್‌ನ ಕಥೆಯೊಂದರಲ್ಲಿ ಬರುವ, ಆ ರಾತ್ರಿ ನಾಯಿ ಬೊಗಳಲಿಲ್ಲ ಎಂಬಂಥ ಸುಳಿವು ಬೇರೆ. ಮೊದಲನೆಯದರಿಂದ ಭಯ ಹುಟ್ಟುತ್ತದೆ, ಎರಡನೆಯದರಿಂದ ಯೋಚನೆ.

ನ್ಯೂಯಾರ್ಕಿನ ‘ಎಲಿಮೆಂಟರಿ’ಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವಾಟ್ಸನ್ ಹೆಂಗಸಂತೆ, ಲೂಸಿ ಲ್ಯೂ ಅಂತೆ ಎಂದು ಮೂಗು ಮುರಿದವರು ಆಗ ಕಡಿಮೆ ಇರಲಿಲ್ಲ. 2012ರಲ್ಲಿ ಶುರುವಾದದ್ದು ಏಳು ವರ್ಷದಲ್ಲಿ 154 ಕಂತುಗಳನ್ನು ಕಂಡಿತು, ಡಾಯ್ಲ್ ಬರೆದದ್ದರ ಎರಡೂವರೆ ಪಟ್ಟು. ಶಸ್ತ್ರವೈದ್ಯೆಯಾಗಿದ್ದ ಜೋನ್ ವಾಟ್ಸನ್ ವ್ಯಸನ ಬಿಡುತ್ತಿರುವ ಹೋಮ್ಸ್‌ನ ಕಾವಲಿಗೆ ಬಂದು, ನೋಡುತ್ತ ನೋಡುತ್ತ ಪತ್ತೇದಾರಿಕೆ ಕಲಿತು, ಅವನಿಗೆ ಸರಿಸಮನಾಗಿ ನಿಲ್ಲುತ್ತಾಳೆ. ಮೂಲದಿಂದ ಇಷ್ಟು ದೂರ ಹೋಗಿಯೂ ಅದು ಉಳಿದುಕೊಂಡಿತೆಂದರೆ, ಆ ಕುರ್ಚಿಯಲ್ಲಿ ಕೂತವರಿಗೆ ಅದು ಬಡ್ತಿಯನ್ನೂ ಕೊಟ್ಟಿತ್ತು.

ಇನ್ನೊಂದು ಆಕ್ಷೇಪ ಹೆಚ್ಚು ಭಾರದ್ದು. ಡಾಯ್ಲ್‌ನೇ ಈ ಬಗ್ಗೆ ಅಷ್ಟು ತಲೆಕೆಡಿಸಿಕೊಂಡಿರಲಿಲ್ಲ, ಅವನಿಗಿಲ್ಲದ ಕಟ್ಟುನಿಟ್ಟು ನಮಗೇಕೆ? ನಿಜ, ಅವನ ಅಲಕ್ಷ್ಯ ಪ್ರಸಿದ್ಧ. ವಾಟ್ಸನ್‌ನ ಗಾಯ ಒಮ್ಮೆ ಭುಜದಲ್ಲಿ, ಒಮ್ಮೆ ಕಾಲಿನಲ್ಲಿ. ಜಾನ್ ಎಂಬ ಗಂಡನನ್ನು ಹೆಂಡತಿ ಒಂದು ಕಥೆಯಲ್ಲಿ ಜೇಮ್ಸ್ ಎಂದು ಕರೆಯುತ್ತಾಳೆ. ನಾಟಕ ಮಾಡಹೊರಟ ವಿಲಿಯಂ ಜಿಲೆಟ್ ಹೋಮ್ಸ್‌ಗೆ ಮದುವೆ ಮಾಡಿಸಬಹುದೇ ಎಂದು ಕೇಳಿದಾಗ, ಮದುವೆಯನ್ನಾದರೂ ಮಾಡು ಕೊಲೆಯನ್ನಾದರೂ ಮಾಡು ಎಂಬರ್ಥದ ಉತ್ತರ ಕೊಟ್ಟವನು ಡಾಯ್ಲ್. ಅಷ್ಟೇ ಅಲ್ಲ, ಹೋಮ್ಸ್ ಎಷ್ಟೋ ಕಡೆ ಯಾರಿಗೋ ತಂತಿ ಕಳಿಸಿ ಅದರಲ್ಲೇನಿತ್ತೆಂದು ವಾಟ್ಸನ್‌ಗೆ ಹೇಳುವುದಿಲ್ಲ. ಓದುಗನಿಗೆ ಎಲ್ಲ ಸುಳಿವೂ ಕೊಡಬೇಕೆಂಬ ನಿಯಮಗಳನ್ನು ರೊನಾಲ್ಡ್ ನಾಕ್ಸ್ ಪಟ್ಟಿ ಮಾಡಿದ್ದು 1929ರಲ್ಲಿ, ಹೋಮ್ಸ್ ಕಥೆಗಳೆಲ್ಲ ಮುಗಿದ ಮೇಲೆ. ಇದು ನನ್ನ ವಾದವನ್ನು ಮುರಿಯುತ್ತದೆ ಎನ್ನುವುದಕ್ಕಿಂತ ತಿದ್ದುತ್ತದೆ ಎನ್ನಬೇಕು. ವಾಟ್ಸನ್ನನ ಕುರ್ಚಿ ಹೋಮ್ಸ್‌ನ ಜೊತೆ ಪಂದ್ಯ ಕಟ್ಟುವ ಕುರ್ಚಿಯಲ್ಲ. ಅಲ್ಲಿ ಕೂತವನಿಗೆ ಗೆಲ್ಲುವ ಆಸೆಯೂ ಇಲ್ಲ. ಅವನಿಗೆ ಬೇಕಾದ್ದು, ಕೊನೆಯಲ್ಲಿ ಬಿಡಿಸಿ ಹೇಳಿದಾಗ ‘ಅಯ್ಯೋ, ಇಷ್ಟೇನಾ’ ಎನ್ನುವಂತಾಗುವುದು. ಕನಸಿಗೆ, ಮಂತ್ರಶಕ್ತಿಯಂಥ ಮಾತಿಗೆ ‘ಇಷ್ಟೇನಾ’ ಎನ್ನಲು ಬರುವುದಿಲ್ಲ. ಗಾಯ ಭುಜದಲ್ಲಿದ್ದರೇನು ಕಾಲಿನಲ್ಲಿದ್ದರೇನು, ಆ ಉದ್ಗಾರಕ್ಕೆ ಅಡ್ಡಿಯಿಲ್ಲ. ಅದಕ್ಕೇ ಓದುಗರು ಅದನ್ನು ತಮಾಷೆಯಾಗಿ ಎತ್ತಿ ಆಡುತ್ತಾರೆಯೇ ಹೊರತು ಸಿಟ್ಟಾಗುವುದಿಲ್ಲ.

ಕಥೆ ಎಂದರೆ ಬದಲಾಗಲೇಬೇಕು, ಎಷ್ಟು ರಾಮಾಯಣಗಳಿಲ್ಲ ನಮ್ಮಲ್ಲಿ ಎನ್ನುವವರಿಗೂ ಒಂದು ಮಾತು. ತಾಳಮದ್ದಲೆ ಕೇಳಲು ಬರುವ ಕರಾವಳಿಯ ಪ್ರೇಕ್ಷಕನಿಗೆ ಕರ್ಣ ಸಾಯುತ್ತಾನೆಂದು ಗೊತ್ತು. ಅರ್ಥಧಾರಿ ಪುರಾಣದಲ್ಲಿಲ್ಲದ ವಾದ ಹೂಡಬಹುದು, ಇಂದಿನ ರಾಜಕೀಯವನ್ನು ಸೂಚ್ಯವಾಗಿ ತರಬಹುದು, ಎದುರಾಳಿಯನ್ನು ಮೂಲದಲ್ಲಿಲ್ಲದ ಪ್ರಶ್ನೆ ಕೇಳಿ ಕಕ್ಕಾಬಿಕ್ಕಿ ಮಾಡಬಹುದು. ಅದಕ್ಕೆಲ್ಲ ಚಪ್ಪಾಳೆ ಇದೆ. ಆದರೆ ಎದುರಿನ ಕೃಷ್ಣನ ಮಾತಿಗೆ ಉತ್ತರವನ್ನೇ ಕೊಡದೆ, ನನಗೆ ಎಲ್ಲ ಮೊದಲೇ ಗೊತ್ತಿತ್ತು ಎಂದು ಕರ್ಣ ಮೇಲೆದ್ದರೆ ಸಭೆ ಒಪ್ಪುವುದಿಲ್ಲ. ಮಾತಿಗೆ ಮಾತು ತಾಗಬೇಕು. ದೂರದರ್ಶನಕ್ಕೆ ಬಾಸು ಚಟರ್ಜಿ 1993ರಲ್ಲಿ ತಂದ ‘ಬ್ಯೋಮಕೇಶ್ ಬಕ್ಷಿ’ ಭಾಷೆ ಬದಲಾದರೂ ದೇಶದುದ್ದಕ್ಕೂ, ಕನ್ನಡದ ಮನೆಗಳಲ್ಲೂ, ಹಿಡಿಸಿದ್ದಕ್ಕೆ ಇದೂ ಕಾರಣವಿರಬೇಕು. ಶರದಿಂದು ಬಂದ್ಯೋಪಾಧ್ಯಾಯರ ಬಂಗಾಳಿ ಪತ್ತೇದಾರ ಹಿಂದಿ ಮಾತಾಡಿದ, ಅವನಾಗಿದ್ದ ರಜಿತ್ ಕಪೂರ್ ಬಂಗಾಳಿಯೂ ಅಲ್ಲ. ಆದರೆ ಚಹಾ ಕುಡಿಯುತ್ತ, ಪತ್ರಿಕೆ ತಿರುವುತ್ತ ಬ್ಯೋಮಕೇಶ್ ಆಡುವ ಪ್ರತಿ ಮಾತಿಗೂ ಎದುರಿಗೆ ಕೆ.ಕೆ. ರೈನಾ ಆಡಿದ ಅಜಿತ್ ಇದ್ದ. ಕೇಳುತ್ತಿದ್ದ, ಅನುಮಾನಿಸುತ್ತಿದ್ದ, ಆಗಾಗ ರೇಗುತ್ತಿದ್ದ. ಬಜೆಟ್ ಚಿಕ್ಕದು, ಕೋಣೆ ಚಿಕ್ಕದು. ಕುರ್ಚಿ ಎರಡಿದ್ದವು.

ಹೋಮ್ಸ್ ಕಥೆಗಳ ಮೇಲೆ ಅಮೆರಿಕದಲ್ಲಿ ಉಳಿದಿದ್ದ ಕೊನೆಯ ಹಕ್ಕುಸ್ವಾಮ್ಯವೂ 2023ರ ಜನವರಿ 1ಕ್ಕೆ ಮುಗಿದಿದೆ. ಇನ್ನು ಯಾರು ಬೇಕಾದರೂ ಯಾರ ಅಪ್ಪಣೆಯೂ ಇಲ್ಲದೆ ಬೇಕರ್ ಬೀದಿಗೆ ನುಗ್ಗಬಹುದು. 2025ರಲ್ಲಿ ಅಮೆರಿಕದ ಸಿಬಿಎಸ್ ಶುರು ಮಾಡಿದ ಧಾರಾವಾಹಿಯ ಹೆಸರೇ ‘ವಾಟ್ಸನ್’. ಅದರ ಆರಂಭದಲ್ಲೇ ಹೋಮ್ಸ್ ಜಲಪಾತದ ಪಾಲಾಗುತ್ತಾನೆ, ಅವನು ಬಿಟ್ಟುಹೋದ ಹಣದಲ್ಲಿ ವಾಟ್ಸನ್ ಪಿಟ್ಸ್‌ಬರ್ಗ್‌ನಲ್ಲಿ ಅಪರೂಪದ ರೋಗಗಳಿಗೆ ಚಿಕಿತ್ಸಾಲಯ ತೆರೆಯುತ್ತಾನೆ. ರೋಗಿಯ ನಡಿಗೆ, ಅಂಗೈ, ಉಚ್ಚಾರ ನೋಡಿಯೇ ಅವನ ಕಸುಬು ಹೇಳುತ್ತಿದ್ದ ಎಡಿನ್‌ಬರೋದ ಡಾಕ್ಟರ್ ಜೋಸೆಫ್ ಬೆಲ್‌ನನ್ನು ನೋಡಿ ಡಾಯ್ಲ್ ಹೋಮ್ಸ್‌ನನ್ನು ಕಟ್ಟಿದ್ದು. ಅಲ್ಲಿಂದ ಹೊರಟ ಪತ್ತೇದಾರಿಕೆ ಸುತ್ತಿ ಸುಳಿದು ಮತ್ತೆ ಆಸ್ಪತ್ರೆಗೇ ಬಂದಂತಾಯಿತು. ಇಷ್ಟು ವರ್ಷ ಕೇಳುತ್ತ ಕೂತವನು ಈಗ ಎದ್ದು ಹೇಳುವವನ ಜಾಗಕ್ಕೆ ಹೋಗಿದ್ದಾನೆ. ಅವನ ಎದುರು ಎಳೆಯ ವೈದ್ಯರ ತಂಡವೊಂದನ್ನು ಕೂರಿಸಿದ್ದಾರೆ.